ಕೀ ಹಿಡಿದವನು

"ಕೀ ಮುಂದಕ್ಕೆ ಕೊಡಿ ಮಾರಾಯ್ರೆ. ಕೈಯಲ್ಲಿಟ್ಕೊಂಡು ನೋಡ್ತಾ ಕೂರ್ಲಿಕ್ಕೆ ಅದೆಂತ ದೇವರ ಪ್ರಸಾದವಾ?"

ಹಿಂದಿನ ಬೆಂಚಿನಲ್ಲಿದ್ದ ಹೊಸಬ ಬೆಚ್ಚಿ ತಲೆಯೆತ್ತಿದ. ಡ್ರೈವರ್ ಸೀಟಿನಿಂದ ಹಿಂದಕ್ಕೆ ತಿರುಗಿದ್ದ ಎರಡು ಕಣ್ಣುಗಳು ಅವನನ್ನು ಸುಡುವ ಹಾಗೆ ನೋಡುತ್ತಿದ್ದವು.

ಹೊರಗೆ ಜಿಂಡಬೈನ್ ಊರು ಪೂರ್ತಿ ಬಿಳಿ. ಸೂರೇ ಕಾಣುತ್ತಿಲ್ಲ, ಬೀದಿಯೇ ಕಾಣುತ್ತಿಲ್ಲ. ಇಲ್ಲಿ ಚಳಿಗಾಲವಾದ ಜೂನ್ ತಿಂಗಳ ಮೊದಲ ದೊಡ್ಡ ಹಿಮ.

"ಕನ್ನಡದೋರೇನ್ರಿ ನೀವು?" ಎಂದ ಅವನು, ಬೈಸಿಕೊಂಡದ್ದನ್ನು ಮರೆತು.

"ಹೌದು. ನೀವು ಈಗಷ್ಟೇ ಫೋನಿನಲ್ಲಿ 'ಅವ್ವಾ, ಇಲ್ಲಿ ಹಾಲಿನ ಪಾತ್ರಿ ಮಗುಚಿದಂಗ ಐತಿ' ಅಂದದ್ದು ಎಲ್ಲರಿಗೂ ಕೇಳಿತು. ಕೀ ದಾಟಿಸಿ ಈಗ."

ಗಾಡಿಯಲ್ಲಿ ನಗು ಎದ್ದಿತು. ಎದುರುಬದುರು ಬೆಂಚುಗಳಲ್ಲಿ ಮಂಡಿಗೆ ಮಂಡಿ ತಾಗಿಸಿ ಕುಳಿತಿದ್ದವರೆಲ್ಲ ಬೆಟ್ಟದ ಮೇಲಿನ ಲಾಡ್ಜಿನ ಕೆಲಸಗಾರರು. ಕೋಣೆ ತೊಳೆಯುವವರು, ಪಾತ್ರೆ ಉಜ್ಜುವವರು, ಹಾಸಿಗೆ ಹಾಸುವವರು. ಹೊಸಬ ತೆಂಗಿನ ಚಿಪ್ಪಿನ ಮೀನು ನೇತಾಡುತ್ತಿದ್ದ ಆ ಕೀಯನ್ನು ಪಕ್ಕದವರಿಗೆ ಕೊಟ್ಟ. ಅದು ಕೈಯಿಂದ ಕೈಗೆ ದಾಟಿ, ಸುತ್ತು ಮುಗಿಸಿ, ಮತ್ತೆ ಡ್ರೈವರ್ ಅಂಗೈಗೆ ಬಂತು.

ಅವಳು ಲವಿಟಾ. ಊರು ಮೂಡುಬಿದಿರೆ, ಮನೆ ಸಿಡ್ನಿಯ ಪೆಂಡಲ್ ಹಿಲ್. ಚಳಿಗಾಲ ಪೂರ್ತಿ ಮಾತ್ರ ಈ ಬೆಟ್ಟದ ಕೆಳಗೆ. ಗಾಡಿ ಅವಳದೇ. ಫೋರ್ ವೀಲ್ ಡ್ರೈವ್, ಬಿಳಿ ಬಣ್ಣ, ಎಮ್ಮೆಯಂಥ ಮೈಕಟ್ಟು. ಕೆಲಸಗಾರರು ಅದನ್ನು 'ಎಮ್ಮೆ' ಅಂತಲೇ ಕರೆಯುತ್ತಿದ್ದರು.

ಎಮ್ಮೆ ಗುಟುರು ಹಾಕಿ ಹೊರಟಿತು.

ಹೊಸಬನಿಗೆ, ಅವನ ಹೆಸರು ಜೀವನ್, ಹಿಮ ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಊರು ದಾಟಿದ್ದೇ ತಡ, ಮುಂದಿನ ಗಾಜಿನಾಚೆ ಲೋಕವೇ ಇಲ್ಲ. ಆಕಾಶ ಯಾವುದು, ರಸ್ತೆ ಯಾವುದು, ಪ್ರಪಾತ ಯಾವುದು... ಎಲ್ಲ ಒಂದೇ ಬಿಳುಪು. ಆ ಬಿಳುಪಿನೊಳಗಿಂದ ಕಿತ್ತಳೆ ಬಣ್ಣದ ಕಂಬವೊಂದು ಮೂಡುತ್ತಿತ್ತು, ಮಾಯವಾಗುತ್ತಿತ್ತು. ಆಮೇಲೆ ಇನ್ನೊಂದು. ರಸ್ತೆಯ ಅಂಚು ಅಲ್ಲಿದೆ ಅನ್ನುವುದಕ್ಕೆ ಆ ಕಂಬಗಳೇ ಸಾಕ್ಷಿ.

ಲವಿಟಾ ಸ್ಟೀರಿಂಗಿನ ಮೇಲೆ ಬಾಗಿದಳು. ಕಂಬದಿಂದ ಕಂಬಕ್ಕೆ, ಬೇಲಿ ಹಿಡಿದು ನಡೆಯುವವಳ ಹಾಗೆ ಗಾಡಿಯನ್ನು ನಡೆಸಿದಳು. ಚಕ್ರಕ್ಕೆ ಬಿಗಿದ ಚೈನುಗಳು ಕರಕರ ಎಂದು ಮಂಜನ್ನು ಅಗಿಯುತ್ತಿದ್ದವು. ಒಂದು ತಿರುವಿನಲ್ಲಿ ಗಾಡಿಯ ಹಿಂಭಾಗ ಸರ್ರನೆ ಜಾರಿತು. ಜೀವನ್ ಕಣ್ಣು ಮುಚ್ಚಿಕೊಂಡ. ತೆರೆದಾಗ ಗಾಡಿ ನೇರವಾಗಿ, ಏನೂ ಆಗದ ಹಾಗೆ ಹತ್ತುತ್ತಿತ್ತು.

ಬೆಟ್ಟದ ಮೇಲೆ ಇಳಿದಾಗ ಅವನು ಅವಳ ಕಿಟಕಿಯ ಹತ್ತಿರ ಬಂದ. ಮೀಸೆಯ ಮೇಲೆ ಆಗಲೇ ಹಿಮ ಕೂತಿತ್ತು.

"ನೀವು ಒಂದ್ಸಲನೂ ಬ್ರೇಕ್ ಒತ್ತಿದ್ದು ನಾ ನೋಡ್ಲಿಲ್ರೀ."

"ಹಿಮದ ಮೇಲೆ ಬ್ರೇಕ್ ಒತ್ತುವವ ಒಂದೇ ಸಲ ಒತ್ತುವುದು," ಎಂದಳು ಲವಿಟಾ. "ಗೇರು ಇಳಿಸಿ ಬರ್ಬೇಕು. ನೀವು ಯಾವ ಕೋಣೆ ತೊಳಿಲಿಕ್ಕೆ ಬಂದದ್ದು?"

"ನಾ ರೋಸ್ಟರ್ ಮಾಡೋನು, ಯಾರಿಗೆ ಯಾವ ಪಾಳಿ ಅಂತ. ಕಂಪನಿಯವರು ಮೆಲ್ಬೋರ್ನ್‌ನಿಂದ ಕಳಿಸ್ಯಾರ."

ಅವಳ ಮುಖ ತಟ್ಟನೆ ಮುಚ್ಚಿಕೊಂಡಿತು. ಓ... ಕಂಪನಿಯ ಜನ.

ಕಿಟಕಿಯ ಗಾಜೂ ಮೇಲೇರಿತು.

* * *

ಈ ಕಂಪನಿ ಅನ್ನುವುದು ಯಾವ ಲಾಡ್ಜಿನದೂ ಅಲ್ಲ. ಲಾಡ್ಜುಗಳಿಗೆ ಕೈಕಾಲುಗಳನ್ನು ಬಾಡಿಗೆಗೆ ಕೊಡುವ ಕಂಪನಿ. ಕೆಲಸ ಬೇಕಾದಾಗ ಬೆಳಗ್ಗೆ ಫೋನು, ಬೇಡವಾದಾಗ ಫೋನೇ ಇಲ್ಲ. ಒಂದು ದಿನ 'ಆಗುವುದಿಲ್ಲ' ಎಂದವನ ನಂಬರು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ವೀಸಾ ಕಾಯುವವರು, ಕಾಯಂ ವಾಸದ ಪಿಆರ್ ಕಾಯುವವರು, ಊರಲ್ಲಿ ಮಕ್ಕಳನ್ನು ಬಿಟ್ಟು ಬಂದವರು... ಇವರ ಬಾಯಿಯಿಂದ 'ಬೇಡ' ಅನ್ನುವ ಪದವನ್ನೇ ಕಿತ್ತುಕೊಂಡು, ಅದಕ್ಕೆ 'ಫ್ಲೆಕ್ಸಿಬಲ್' ಅಂತ ಚಂದದ ಹೆಸರಿಟ್ಟವರು.

ಜೀವನ್ ಮಾತ್ರ ಮುಚ್ಚಿದ ಕಿಟಕಿಗೆ ಹೆದರುವವನಾಗಿರಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲೇ ಬಂದು ಚೈನು ಬಿಗಿಯಲು ಹಿಮದಲ್ಲಿ ಮಂಡಿಯೂರಿದ. ಅದರ ಮರುದಿನ ಫ್ಲಾಸ್ಕಿನಲ್ಲಿ ಚಹಾ ತಂದ. ಅದಕ್ಕೆ ಶುಂಠಿ ಜಾಸ್ತಿ ಬಿದ್ದಿತ್ತು. ಲವಿಟಾ ಕೆಮ್ಮಿದಳು, ಆದರೂ ಕುಡಿದಳು.

ವಾರ ಕಳೆಯುವಷ್ಟರಲ್ಲಿ ಅವನ ಜಾಗ ಹಿಂದಿನ ಬೆಂಚು ಬಿಟ್ಟು ಮುಂದಿನ ಸೀಟಿಗೆ ಬಂದಿತ್ತು. ಯಾರೂ ಬಾ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಕೀ ಸುತ್ತುವಾಗ ಮಾತ್ರ ಎದ್ದು ಹಿಂದೆ ಹೋಗಿ ಎಲ್ಲರ ನಡುವೆ ಕೂರುತ್ತಿದ್ದ.

"ಈ ಕೀ ಸುತ್ತೋದು ಯಾಕ್ರಿ?" ಎಂದು ಒಂದು ದಿನ ಕೇಳಿದ. ಗಾಡಿ ಖಾಲಿ ಇಳಿಯುತ್ತಿತ್ತು. ಬಿಸಿಲು ಬಿದ್ದು ಬೆಟ್ಟವೆಲ್ಲ ಕಣ್ಣು ಕೋರೈಸುತ್ತಿತ್ತು.

ಲವಿಟಾ ಗೇರು ಇಳಿಸಿದಳು.

"ಮೂರು ವರ್ಷದ ಹಿಂದೆ ನಾನೂ ಕೋಣೆ ತೊಳೆಯುವವಳೇ. ಒಂದು ದಿನ ಹೀಗೇ ಹಿಮ. ವ್ಯಾನಿನವ ಹೊಸಬ, ಚೈನೂ ಇಲ್ಲ. ಮೇಲಿಂದ ಫೋನ್, ಬೇಗ ಬನ್ನಿ ಅಂತ. ವ್ಯಾನಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಹೋಗಬಾರದು ಅಂತ. ಒಬ್ಬರೂ ಬಾಯಿ ಬಿಡ್ಲಿಲ್ಲ. ಪಕ್ಕದವರು ಹೇಳ್ತಾರೆ ಅಂತ ಒಬ್ಬೊಬ್ಬರೂ ಕಾದೆವು."

"ಆಮೇಲೆ?"

"ನನ್ನ ಪಕ್ಕ ಕೂತಿದ್ದ ರೋಶ್ನಿ ಈಗ ಮಂಗಳೂರಲ್ಲಿ ಕೋಲು ಹಿಡಿದು ನಡೀತಾಳೆ. ಅವಳಿಗೆ ಡ್ಯಾನ್ಸ್ ಅಂದ್ರೆ ಪ್ರಾಣ ಆಗಿತ್ತು."

ಜೀವನ್ ತಲೆಯ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಆ ಮರ್ಯಾದೆ ಅವಳಿಗೆ ಹಿಡಿಸಿತು.

"ಅದಕ್ಕೆ ಈ ಗಾಡಿ ತೆಗೊಂಡೆ. ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಮನೆ ಬುಕ್ ಮಾಡುವ ವಯಸ್ಸಿಗೆ ಇವಳಿಗೆಂತ ಲಾರಿ ಹುಚ್ಚು ಅಂತ ನಮ್ಮ ಆಂಟಿಯರೆಲ್ಲ ನಗಾಡಿದ್ರು. ನಗಾಡ್ಲಿ. ನನ್ನ ಗಾಡಿಯಲ್ಲಿ ಒಂದೇ ನಿಯಮ. ಹವಾ ಕೆಟ್ಟ ದಿನ ಹೊರಡುವ ಮೊದಲು ಕೀ ಎಲ್ಲರ ಕೈ ದಾಟ್ಬೇಕು. ಯಾರಿಗೆ ಹೋಗುವುದು ಬೇಡವೋ ಅವರು ಕೀ ಹಿಡ್ಕೊಂಡ್ರೆ ಸಾಕು. ಬಾಯಿ ಬಿಡುವುದು ಬೇಡ. ಗಾಡಿ ಹೊರಡುವುದಿಲ್ಲ. ಯಾಕೆ ಅಂತ ಯಾರೂ ಕೇಳಬಾರದು, ನಾನೂ."

"ಯಾರರ ಹಿಡದಾರನ?"

"ಇನ್ನೂ ಇಲ್ಲ. ಹೆದರಿಕೆ ಅಷ್ಟು ಬೇಗ ಹೋಗ್ತದಾ?"

ಅವನು ಕಿಟಕಿಯಾಚೆ ನೋಡುತ್ತಾ ಮೆಲ್ಲಗೆ ಹೇಳಿದ, "ನಮ್ಮ ಅಪ್ಪ ರಾಣೆಬೆನ್ನೂರಿನ್ಯಾಗ ಗಿರಣಿ ಯೂನಿಯನ್ ಮಾಡ್ಯಾನ. ಬಸವಣ್ಣೆಪ್ಪ ಅಂದ್ರ ಮಾಲೀಕರಿಗೆಲ್ಲ ಹೊಟ್ಟಿ ನೋವು. ಆದ್ರ ಇಷ್ಟು ಚಂದದ ಯೂನಿಯನ್ ಅವನೂ ಮಾಡಿಲ್ಲ ಬಿಡ್ರಿ."

ಲವಿಟಾಳ ಕಿವಿ ಬೆಚ್ಚಗಾಯಿತು. ಹೀಟರ್ ಜಾಸ್ತಿಯಾಯಿತೇನೋ ಎಂದು ಅವಳು ಅದನ್ನು ತಗ್ಗಿಸಿದಳು.

ಹೀಟರಿನ ತಪ್ಪು ಏನೂ ಇರಲಿಲ್ಲ, ಓದುಗರೇ.

ಆಮೇಲಿನ ದಿನಗಳು ಇಳಿಜಾರಿನಲ್ಲಿ ಹೋದ ಹಾಗೆ ಹೋದವು. ಅವಳು 'ಉಂಟು' ಅಂದರೆ ಅವನು 'ಐತಿ' ಅನ್ನುತ್ತಿದ್ದ. ಅವನ 'ಹೌದ್ರಿ'ಗೆ ಅವಳು ನಗುತ್ತಿದ್ದಳು. ಮೆಲ್ಬೋರ್ನ್‌ನ ತಾರ್ನೀಟ್‌ನಲ್ಲಿ ಅವನ ತಾಯಿ ಇಂದಿರಮ್ಮ ಇದ್ದರು. ಫೋನಿನಲ್ಲಿ ಅವರೂ ಲವಿಟಾಗೆ ಪರಿಚಯವಾದರು.

"ಬಾರವ್ವಾ ಒಂದ್ಸಲ. ರೊಟ್ಟಿ ಬಡೀತೀನಿ. ನಿನ್ನ ಎಮ್ಮಿನೂ ಕರ್ಕೊಂಡ ಬಾ," ಎನ್ನುತ್ತಿದ್ದರು.

ಲವಿಟಾಳ ಮನಸ್ಸು ಹೋಗಲೋ ಬೇಡವೋ ಎನ್ನುತ್ತಿತ್ತು. ಹಿಂದೆ ಒಂದು ಸಂಬಂಧ ಬಂದಿತ್ತು. ಸಿಡ್ನಿಯ ಹುಡುಗ, ಒಳ್ಳೆಯ ಕೆಲಸ, ಸ್ವಂತ ಮನೆ. ಕಾಫಿ ಮುಗಿಯುವ ಮೊದಲೇ ಕೇಳಿದ್ದ, 'ಮದುವೆ ಆದ ಮೇಲೆ ಆ ಗಾಡಿ ಮಾರ್ತೀರಲ್ವಾ? ಹಿಮದಲ್ಲಿ ಡ್ರೈವಿಂಗ್ ಎಲ್ಲ ನಿಮ್ಮ ಕೈಲಿ ಆಗೋ ಕೆಲಸ ಅಲ್ಲ.' ಅವಳು ಕಾಫಿಯನ್ನು ಅಲ್ಲೇ ಬಿಟ್ಟು ಬಂದಿದ್ದಳು. ಮಾತು ಮಾತ್ರ ಜೊತೆಗೇ ಬಂದಿತ್ತು.

ಇವನು ಹಾಗಲ್ಲ... ಇವನು ಹಾಗಿರಲಿಕ್ಕಿಲ್ಲ... ಅಲ್ಲವಾ?

* * *

ಜುಲೈ ನಡುವೆ ಆ ದಿನ ಬಂತು.

ಹಿಂದಿನ ಸಂಜೆಯಿಂದಲೇ ಗಾಳಿ ಊಳಿಡುತ್ತಿತ್ತು. ಬೆಳಗಾದರೂ ಬೆಳಕಿಲ್ಲ. ರಸ್ತೆ ಇನ್ನೂ ತೆರೆದಿತ್ತು, ಫೋರ್ ವೀಲ್ ಡ್ರೈವ್‌ಗೆ ಮಾತ್ರ. ಮೇಲೆ ಲಾಡ್ಜುಗಳು ಭರ್ತಿ. ಕಂಪನಿಯ ಸೂಪರ್‌ವೈಸರ್ ಕೆಲ್ವಿನ್ ಫೋನ್ ಮಾಡಿ, ಸ್ಪೀಕರಿನಲ್ಲಿ ಹಾಕಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಇವತ್ತು ಬರದವರು ನಾಳೆಯಿಂದ ಬರೋದೇ ಬೇಡ."

ಲವಿಟಾ ಆಕಾಶ ನೋಡಿದಳು. ಕಷ್ಟ. ಆದರೆ ತನ್ನ ಕೈಲಿ ಆಗದ್ದಲ್ಲ ಎಂದು ಅವಳ ಲೆಕ್ಕ. ಕೀ ತೆಗೆದು ಹಿಂದಕ್ಕೆ ಚಾಚಿದಳು.

ಕೀ ಹೊರಟಿತು. ಒಂದು ಕೈ. ಇನ್ನೊಂದು ಕೈ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಾಸಿಗೆ ಹಾಸುವ, ಸಿಡ್ನಿಯ ಟೂಂಗಾಬಿಯ ಇನೇಜ್ ಕೈಗೆ ಬಂತು. ಇನೇಜ್‌ಳಿಂದ ಜೀವನ್ ಕೈಗೆ.

ಅಲ್ಲೇ ನಿಂತಿತು.

"ದಾಟಿಸಿ," ಎಂದಳು ಲವಿಟಾ, ಕನ್ನಡಿಯಲ್ಲಿ ನೋಡುತ್ತಾ.

ಅವನು ಮುಷ್ಟಿ ಮುಚ್ಚಿದ.

"ಜೀವನ್, ಹೊತ್ತಾಗ್ತಾ ಉಂಟು."

"ಇವತ್ತು ಬ್ಯಾಡ್ರಿ."

ಬೆಂಚುಗಳ ಮೇಲಿದ್ದವರೆಲ್ಲ ಅವನ ಕಡೆ ತಿರುಗಿದರು. ಮೂರು ಚಳಿಗಾಲದಲ್ಲಿ ಯಾರೂ ಹಿಡಿಯದ ಕೀಯನ್ನು ಹಿಡಿದದ್ದು ಯಾರು? ಕಂಪನಿಯ ಜನ. ದಿನಾ ತನ್ನ ಪಕ್ಕ ಕೂತು, ತನ್ನ ಕೈಗಳನ್ನೇ ನೋಡುತ್ತಿದ್ದವನು.

ಅವಳೊಳಗೆ ಆ ಹಳೆಯ ಕಾಫಿ ಮತ್ತೆ ಕಹಿಯಾಯಿತು. ನಿಮ್ಮ ಕೈಲಿ ಆಗೋ ಕೆಲಸ ಅಲ್ಲ...

"ಯಾಕೆ?" ಎಂದಳು ಲವಿಟಾ.

ಬಾಯಿಯಿಂದ ಹೊರಬಿದ್ದ ಕ್ಷಣವೇ ಅವಳಿಗೂ ಗೊತ್ತಾಯಿತು. ತಾನೇ ಹಾಕಿದ ನಿಯಮ. ತಾನೇ ಮುರಿದದ್ದು.

"ಯಾಕ ಅಂತ ಕೇಳಬಾರ್ದು ಅಂತ ನೀವ ಹೇಳಿದ್ರಿ," ಎಂದ ಅವನು. ದನಿ ತೀರ ಮೆತ್ತಗಿತ್ತು.

"ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂತ ನೇರ ಹೇಳಿ. ಎಲ್ಲರ ಎದುರು ಈ ನಾಟಕ ಎಂತಕ್ಕೆ?"

ಅವನು ತಲೆ ತಗ್ಗಿಸಿದ. ಕೀ ಮಾತ್ರ ಬಿಡಲಿಲ್ಲ.

ಗಾಡಿ ಹೊರಡಲಿಲ್ಲ. ನಿಯಮ ಅಂದರೆ ನಿಯಮ. ಲವಿಟಾ ಬಾಗಿಲು ಧಡಾರನೆ ತೆಗೆದು ಹಿಮದಲ್ಲಿ ನಡೆದು ಹೋದಳು. ಮಧ್ಯಾಹ್ನದ ಹೊತ್ತಿಗೆ ರಸ್ತೆಯನ್ನೇ ಮುಚ್ಚಿದರು. ಅಷ್ಟರೊಳಗೆ ನಾನು ಹತ್ತಿ ಇಳಿದಾಗಿರುತ್ತಿತ್ತು ಎಂದು ಅವಳು ತನಗೆ ತಾನೇ ಹತ್ತಾರು ಸಲ ಹೇಳಿಕೊಂಡಳು. ಸಂಜೆ ಅವನ ಫೋನು ಬಂತು. ಅವಳು ಆ ನಂಬರನ್ನೇ ಬ್ಲಾಕ್ ಮಾಡಿದಳು.

ಮರುದಿನ ಮುಂದಿನ ಸೀಟು ಖಾಲಿ. ಗಾಡಿಯ ಬಾನೆಟ್ ಮೇಲೆ ಕೀ ಮಾತ್ರ ಇತ್ತು, ಕರ್ಚೀಫಿನಲ್ಲಿ ಸುತ್ತಿ, ಹಿಮ ತಾಗದ ಹಾಗೆ.

"ಜೀವನ್ ಎಲ್ಲಿ?" ಎಂದು ಯಾರೋ ಕೇಳಿದರು.

"ಮೆಲ್ಬೋರ್ನ್‌ಗೆ ಹೋದ," ಎಂದ ಕೆಲ್ವಿನ್. ಅಷ್ಟೇ ಹೇಳಿದ.

ಹೋಗಲಿ. ದೊಡ್ಡ ಆಫೀಸಿಗೆ ಹೋಗಿರಬೇಕು, ಬಡ್ತಿ ಸಿಕ್ಕಿರಬೇಕು. ಹೋಗಲಿ... ಎಂದುಕೊಂಡಳು ಲವಿಟಾ. ಕರ್ಚೀಫನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡಳು.

* * *

ಅದೇ ವಾರ ಕೆಲ್ವಿನ್ ಕಿಟಕಿಯ ಹತ್ತಿರ ಬಂದು ಹೇಳಿದ, "ಈ ಕೀ ಆಟ ಇನ್ನು ಬಂದ್. ಇದು ಪಿಕ್ನಿಕ್ ಅಲ್ಲ."

"ಹಾಗಾದ್ರೆ ಗಾಡಿಯೂ ಬಂದ್," ಎಂದಳು ಲವಿಟಾ.

"ಬೇರೆ ಡ್ರೈವರ್ ಸಿಗ್ತಾರೆ."

"ಡ್ರೈವರ್ ಸಿಗ್ತಾರೆ. ಹತ್ತುವವರು ಸಿಗ್ತಾರಾ, ಕೇಳಿ ನೋಡಿ."

ಕೆಲ್ವಿನ್ ಒಳಗೆ ಬಗ್ಗಿ ನೋಡಿದ. ಕೀ ಅಷ್ಟರಲ್ಲಿ ಹಿಂದಕ್ಕೆ ಹೋಗಿತ್ತು. ಬೆಂಚಿನ ತುದಿಯಲ್ಲಿ ಕುಳಿತಿದ್ದ ಪುಟ್ಟಮ್ಮ, ಯಾವತ್ತೂ ಎರಡು ಮಾತು ಜಾಸ್ತಿ ಆಡದ ಹಾಸನದ ಹೆಂಗಸು, ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಮಡಿಲಲ್ಲಿಟ್ಟುಕೊಂಡಿದ್ದಳು.

"ಕೊಡಮ್ಮ ಅದನ್ನ," ಎಂದ ಕೆಲ್ವಿನ್.

"ಕೊಡಲ್ಲ," ಎಂದಳು ಪುಟ್ಟಮ್ಮ. "ಮೊನ್ನೆ ಆ ಹುಡುಗ ಹಿಡ್ಕಂಡಾಗ ಕೆಲಸ ಹೋಗುತ್ತೆ ಅಂತ ಅವನಿಗೆ ಗೊತ್ತಿರ್ಲಿಲ್ವಾ? ನಾನೂ ಹಿಡ್ಕತೀನಿ."

ಅವಳ ಕೈ ಮೇಲೆ ಇನ್ನೊಂದು ಕೈ ಬಿತ್ತು. ಅದರ ಮೇಲೆ ಮತ್ತೊಂದು. ನೇಪಾಳದ ಕೈ, ಪಂಜಾಬಿನ ಕೈ, ಸೋಪಿನ ನೀರಿಗೆ ಬಿರಿದ ಕೈಗಳು. ಭರ್ತಿಯಾದ ಲಾಡ್ಜಿನಲ್ಲಿ ಹಾಸಿಗೆ ಹಾಸುವವರಿಲ್ಲದೆ ಬೆಳಗು ಕಳೆಯಿತು. ಹೊತ್ತು ಏರುವಷ್ಟರಲ್ಲಿ ಕೆಲ್ವಿನ್ ಫೋನಿನಲ್ಲಿ ಯಾರ ಹತ್ತಿರವೋ ತಲೆ ಆಡಿಸಿ ಆಡಿಸಿ ಮಾತಾಡಿ, ತಿರುಗಿ ಬಂದು, ನೆಲ ನೋಡುತ್ತಾ ಹೇಳಿದ:

"ಸರಿ. ಸುತ್ತಿಸ್ಕೊಳ್ಳಿ."

ಗೆದ್ದರು. ಗಾಡಿಯೊಳಗೆ ಅವತ್ತು ಹಾಡು.

ಲವಿಟಾ ಮಾತ್ರ ಖಾಲಿ ಸೀಟಿನ ಕಡೆ ನೋಡಿದಳು. ಪುಟ್ಟಮ್ಮನ ಮಾತು ಕಿವಿಯಲ್ಲಿ ಉಳಿದಿತ್ತು. ಕೆಲಸ ಹೋಗುತ್ತೆ ಅಂತ ಅವನಿಗೆ ಗೊತ್ತಿರ್ಲಿಲ್ವಾ... ಹಾಗಾದರೆ ಬಡ್ತಿ? ದೊಡ್ಡ ಆಫೀಸು?

* * *

ಆಗಸ್ಟ್‌ನಲ್ಲಿ ಎರಡು ದಿನ ರಜೆ ಸಿಕ್ಕಿ ಅವಳು ಪೆಂಡಲ್ ಹಿಲ್‌ಗೆ ಬಂದಳು. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಕುಚ್ಚಲಕ್ಕಿ ಚೀಲ ಎತ್ತುತ್ತಿದ್ದಾಗ ಹಿಂದಿನಿಂದ ಯಾರೋ ಹೆಗಲು ತಟ್ಟಿದರು.

ಇನೇಜ್. ಜುಲೈ ಕೊನೆಗೇ ಕೆಲಸ ಬಿಟ್ಟು ಮನೆಗೆ ಬಂದಿದ್ದಳು. ಪಕ್ಕದಲ್ಲಿ ಗಂಡ ರಸೆಲ್, ಹೆಂಡತಿಯ ಚೀಲವನ್ನೂ ತಾನೇ ಹೊತ್ತು ನಿಂತಿದ್ದ. ಲವಿಟಾಳ ಕಣ್ಣು ಇನೇಜ್‌ಳ ಹೊಟ್ಟೆಯ ಮೇಲೆ ಬಿತ್ತು.

"ಯಾವಾಗ?" ಎಂದಳು ಬಾಯಿ ತೆರೆದು.

"ಕ್ರಿಸ್ಮಸ್‌ಗೆ," ಎಂದಳು ಇನೇಜ್. ಆಮೇಲೆ ಅವಳ ಮುಖ ಸಣ್ಣಗಾಯಿತು. "ಲವಿ, ಬಾ ಸ್ವಲ್ಪ. ನಿನಗೆ ಒಂದು ಹೇಳಲಿಕ್ಕುಂಟು. ಫೋನಿನಲ್ಲಿ ಧೈರ್ಯ ಬರ್ಲಿಲ್ಲ."

ಪಕ್ಕದ ಹೋಟೆಲಿನಲ್ಲಿ ಮೂಲೆ ಟೇಬಲ್. ಇಬ್ಬರೂ ಕೊಂಕಣಿಯಲ್ಲೇ ಮಾತಾಡಿದರು. ಚಹಾ ಬಂತು, ತಣ್ಣಗಾಯಿತು.

"ಆ ದೊಡ್ಡ ಹಿಮದ ದಿನ ನನಗೆ ಗೊತ್ತಿತ್ತು, ನಾನು ಬಸುರಿ ಅಂತ. ಕಳೆದ ವರ್ಷ ಒಂದು ಕಳ್ಕೊಂಡಿದ್ದೇನೆ. ಡಾಕ್ಟರು ಜಾಗ್ರತೆ ಅಂದಿದ್ರು. ಹೇಳಿದ್ರೆ ಶಿಫ್ಟ್ ಹೋಗ್ತದೆ. ರೆಂಟ್ ಕಟ್ಬೇಕು. ಕೀ ಕೈಗೆ ಬಂದಾಗ... ಹಿಡ್ಕೊಳ್ಬೇಕು ಅಂತ ಇತ್ತು. ಆಗ್ಲಿಲ್ಲ ಲವಿ. ಕೆಲ್ವಿನ್ ಹೇಳಿದ್ದು ಕಿವಿಯಲ್ಲಿತ್ತು."

"ಮತ್ತೆ?"

"ಜೀವನ್‌ಗೆ ಕೊಟ್ಟೆ. ಕೊಟ್ಟೆ, ಆದ್ರೆ ಬೆರಳು ಬಿಡ್ಲಿಕ್ಕೆ ಆಗ್ಲಿಲ್ಲ. ಅವನು ನನ್ನ ಮುಖ ನೋಡಿದ. ಏನೂ ಕೇಳ್ಲಿಲ್ಲ. ಮೆಲ್ಲ ನನ್ನ ಬೆರಳಿನಿಂದ ಕೀ ಬಿಡಿಸಿ ತಾನು ಹಿಡ್ಕೊಂಡ."

ಹೋಟೆಲಿನ ಗದ್ದಲ ದೂರ ಸರಿದ ಹಾಗಾಯಿತು ಲವಿಟಾಗೆ.

"ಅವನಿಗೆ ಕಾರಣ ಗೊತ್ತಿತ್ತಾ?"

"ಇವತ್ತಿಗೂ ಗೊತ್ತಿಲ್ಲ. ಯಾಕೆ ಅಂತ ಕೇಳಬಾರದಲ್ಲ, ನಿನ್ನದೇ ನಿಯಮ. ರಸ್ತೆ ಮುಚ್ಚಿದ್ದರಿಂದ ನಾವು ಉಳಿದೆವು, ಕೀ ಹಿಡಿದದ್ದಕ್ಕೆ ಅದೇ ದಿನ ಕೆಲ್ವಿನ್ ಅವನೊಬ್ಬನನ್ನು ಕೆಲಸದಿಂದ ತೆಗೆದ. ಅವನು ಹೊರಡುವಾಗ ನಾನು ಅಳ್ತಾ ಅವನ ಹತ್ತಿರ ಹೋದೆ. 'ಲವಿಗೆ ಹೇಳ್ತೇನೆ' ಅಂದೆ. 'ನಿಮ್ಮ ಗುಟ್ಟು ನಿಮ್ಮದ್ರಿ, ನಿಮಗ ಬೇಕಾದಾಗ ಹೇಳ್ರಿ' ಅಂದ."

ರಸೆಲ್ ಗಂಟಲು ಸರಿಮಾಡಿಕೊಂಡ. "ಮಗು ಗಂಡಾದ್ರೆ ಅವನ ಹೆಸರೇ ಇಡುವುದು ಅಂತ ಇವಳ ಹಟ."

ಲವಿಟಾ ಎರಡೂ ಅಂಗೈಗಳನ್ನು ಟೇಬಲ್ ಮೇಲಿಟ್ಟು ನೋಡಿಕೊಂಡಳು. ತನ್ನ ಕೈಯ ಮೇಲೆ ನಂಬಿಕೆಯಿಲ್ಲ ಎಂದು ಅವನನ್ನು ಬೈದಿದ್ದಳು. ಆ ಗಾಡಿಯಲ್ಲಿ ತನ್ನ ಕೀಯ ಮಾತನ್ನು ನಂಬಿದ ಒಬ್ಬನೇ ಒಬ್ಬ ಅವನಾಗಿದ್ದ. ನಿಯಮ ಹಾಕಿದವಳು ಮುರಿದಳು. ಕಂಪನಿಯ ಜನ ಅನ್ನಿಸಿಕೊಂಡವನು ಉಳಿಸಿದ.

ಅವಳ ಕಣ್ಣಿನಿಂದ ನೀರು ಇಳಿಯಿತು. ದುಃಖಕ್ಕಿಂತ ಹೆಚ್ಚಾಗಿ, ಹೆಮ್ಮೆಗೆ. ಅಂಥವನೊಬ್ಬ ತನ್ನ ಪಕ್ಕದ ಸೀಟಿನಲ್ಲಿ ಕೂತಿದ್ದನಲ್ಲ ಎಂಬ ಹೆಮ್ಮೆಗೆ.

"ನಾಳೆ ನನ್ನ ಜೊತೆ ರಜೆಗೆ ಬಂದವರನ್ನೆಲ್ಲ ಜಿಂಡಬೈನ್‌ನಲ್ಲಿ ಇಳಿಸ್ಬೇಕು," ಎಂದಳು ಕಣ್ಣೊರೆಸಿಕೊಂಡು. "ಅಲ್ಲಿಂದ ಬೆಟ್ಟ ದಾಟಿದ್ರೆ ಮೆಲ್ಬೋರ್ನ್ ದಾರಿ. ನಾಡಿದ್ದು ನಾನು ಹೋಗ್ತೇನೆ."

"ಡೆಡ್ ಹಾರ್ಸ್ ಗ್ಯಾಪ್ ಘಾಟಿ ಮೇಲೆ? ಹಿಮ ಬರ್ತದೆ ಅಂತಾರೆ," ಎಂದಳು ಇನೇಜ್.

"ಬರ್ಲಿ. ಹೇಗೂ ನನಗೆ ಅದೇ ಕೆಲಸ."

* * *

ಹಿಮ ಬಂತು. ಹೇಗೆ ಬಂತೆಂದರೆ, ಜಿಂಡಬೈನ್‌ನ ಕೆರೆಯೇ ಕಾಣದ ಹಾಗೆ.

ಲವಿಟಾ ಬೆಳಗ್ಗೆ ಗಾಡಿಯಲ್ಲಿ ಕೂತಳು. ಟ್ಯಾಂಕಿನಲ್ಲಿ ಚಳಿಗೆ ಹೆಪ್ಪುಗಟ್ಟದ ಬೆಟ್ಟದ ಡೀಸೆಲ್. ಹಿಂದೆ ಚೈನು, ಸಲಿಕೆ, ಕಂಬಳಿ. ಮನಸ್ಸು ಆಗಲೇ ಬೆಟ್ಟ ದಾಟಿ ಮೆಲ್ಬೋರ್ನ್ ಸೇರಿತ್ತು. ಕೀ ಚುಚ್ಚಲು ಹೋದವಳು ತಡೆದಳು.

ಕೀ ಸುತ್ತಿಲ್ಲ.

ಹಿಂದೆ ಬೆಂಚುಗಳು ಖಾಲಿ. ಒಬ್ಬಳೇ ಇದ್ದಾಗ ಕೀ ಯಾರಿಗೆ ಕೊಡುವುದು? ಒಂದು ಗಳಿಗೆ ಯೋಚಿಸಿ, ಬಲಗೈಯಿಂದ ಎಡಗೈಗೆ ದಾಟಿಸಿದಳು. ಗಾಜಿನಾಚೆ ಮುಂದಿನ ಮನೆಯ ಬೇಲಿಯೂ ಕಾಣುತ್ತಿರಲಿಲ್ಲ. ರೋಶ್ನಿಯ ಕೋಲು ನೆನಪಾಯಿತು. ನಿಯಮ ಒಂದು ಸಲ ಮುರಿದಾಗಿದೆ, ಇನ್ನೊಂದು ಸಲ ಇಲ್ಲ.

ಎಡಗೈ ಮುಷ್ಟಿ ಮುಚ್ಚಿಕೊಂಡಿತು.

ಅವತ್ತು ಗಾಡಿ ಹೊರಡಲಿಲ್ಲ. ಇನೇಜ್‌ಗೆ ಒಂದು ಮೆಸೇಜ್ ಹಾಕಿದಳು, 'ಇವತ್ತು ಇಲ್ಲ, ನಾಳೆ.' ಪ್ರೀತಿಯಾದರೂ ಹವಾಮಾನಕ್ಕಿಂತ ದೊಡ್ಡದಲ್ಲ ಎಂದುಕೊಂಡು ದಿನವಿಡೀ ಕಿಟಕಿಯ ಬಳಿ ಕೂತಳು. ಅದು ಅವಳು ಆ ಚಳಿಗಾಲದಲ್ಲಿ ಮಾಡಿದ ಎಲ್ಲಕ್ಕಿಂತ ಕಷ್ಟದ ಕೆಲಸ.

ಮರುದಿನ ಹಿಮ ಬಾಚುವ ಲಾರಿಗಳು ಓಡಾಡಿದ ಮೇಲೆ, ಫೋರ್ ವೀಲ್ ಡ್ರೈವ್‌ಗೆ ದಾರಿ ಬಿಟ್ಟರು. ಹಿಮ ಇನ್ನೂ ಸುರಿಯುತ್ತಲೇ ಇತ್ತು. ಆದರೆ ಈಗ ಕಂಬದಿಂದ ಕಂಬ ಕಾಣುತ್ತಿತ್ತು. ಬಲಗೈ, ಎಡಗೈ... ಕೀ ದಾಟಿತು.

ಎಮ್ಮೆ ಹತ್ತತೊಡಗಿತು.

ಥ್ರೆಡ್‌ಬೋ ಊರು ಕಳೆದ ಮೇಲೆ ಗಾಳಿ ಅಡ್ಡ ಬೀಸಿತು. ಹಿಮ ಮೇಲಿಂದ ಬೀಳುವುದನ್ನು ಬಿಟ್ಟು ಪಕ್ಕದಿಂದ ಎರಚಿತು. ವೈಪರು ಒದ್ದಾಡಿತು. ಡೆಡ್ ಹಾರ್ಸ್ ಗ್ಯಾಪ್‌ನ ನೆತ್ತಿಯಲ್ಲಿ ಒಂದೊಂದು ಸಲ ಎಲ್ಲವೂ ಅಳಿಸಿಹೋಗುತ್ತಿತ್ತು. ಆಗ ಅವಳು ನಿಲ್ಲುತ್ತಿದ್ದಳು. ದೀಪ ಮಿನುಗಿಸಿ, ಉಸಿರು ಹಿಡಿದು, ಕಿತ್ತಳೆ ಕಂಬವೊಂದು ಮೂಡುವ ತನಕ ಕಾದು, ಮತ್ತೆ ಒಂದು ಕಂಬದಷ್ಟು ಮುಂದೆ.

ಖಾಲಿ ಸೀಟಿಗೆ ಅವಳು ಹೇಳಿದಳು, "ನೋಡಿ, ಬ್ರೇಕ್ ಒತ್ತಲಿಲ್ಲ."

ಇಳಿಜಾರು ಶುರುವಾಯಿತು. ಲೋ ಗೇರಿನಲ್ಲಿ ಎಂಜಿನ್ನು ಗುರುಗುಟ್ಟುತ್ತಾ ಭಾರವನ್ನೆಲ್ಲ ತಾನೇ ಹೊತ್ತು ಇಳಿಯಿತು. ತಿರುವಿನ ಮೇಲೆ ತಿರುವು. ಒಂದು ಕಡೆ ಕಾಡು, ಇನ್ನೊಂದು ಕಡೆ ಏನೂ ಇಲ್ಲ. ಭುಜ ಕಲ್ಲಾಯಿತು, ಬೆರಳು ಮರಗಟ್ಟಿತು. ಆದರೆ ಎದೆಯೊಳಗೆ ಮಾತ್ರ ಏನೋ ಎತ್ತರವಾಗಿ ನಿಂತಿತ್ತು. ಈ ಕೈಗಳು ನನ್ನವು. ಈ ದಾರಿ ನಾನು ಕಲಿತದ್ದು. ಯಾರೂ ಕೊಟ್ಟದ್ದಲ್ಲ.

ಕೆಳಗಿಳಿದಂತೆ ಹಿಮ ಮಳೆಯಾಯಿತು. ಟಾಮ್ ಗ್ರೊಗಿನ್ ಬಯಲು ಬಂತು. ಅಲ್ಲಿ ಮರ್ರೆ ನದಿ ಇನ್ನೂ ಸಣ್ಣ ತೊರೆ. ಈಚೆ ದಡ ಸಿಡ್ನಿಯವರ ರಾಜ್ಯ, ಆಚೆ ದಡ ಮೆಲ್ಬೋರ್ನ್‌ನವರದ್ದು. ಹುಲ್ಲಿನಲ್ಲಿ ಕಾಂಗರೂಗಳು ನೆನೆದು ನಿಂತಿದ್ದವು.

ಅವುಗಳ ನಡುವೆ ಒಂದು ಸಣ್ಣ ನೀಲಿ ಕಾರು. ಕಾರಿನ ಪಕ್ಕ, ಮಂಕಿಕ್ಯಾಪ್ ಹಾಕಿ, ಫ್ಲಾಸ್ಕು ಹಿಡಿದು...

ಲವಿಟಾ ಬ್ರೇಕ್ ಒತ್ತಿದಳು. ಜೋರಾಗಿಯೇ ಒತ್ತಿದಳು.

"ಅಯ್ಯ, ಒತ್ತಿದ್ರಲ್ಲಾ," ಎಂದ ಜೀವನ್.

ಅವಳು ಕೀ ಕಿತ್ತು, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿ ಇಳಿದಳು. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು ಬೇರೆಯದನ್ನೇ ಕೇಳಿದಳು.

"ಇಲ್ಲಿ ಎಂತ ಮಾಡ್ತಿದ್ದೀರಿ?"

"ಇನೇಜ್ ಅಕ್ಕಾರು ಫೋನ್ ಮಾಡಿದ್ರು. ಎಲ್ಲಾ ಹೇಳಿದ್ರು. ನೀವು ಈ ದಾರಿ ಹಿಡಿದು ಬರ್ತೀರಿ ಅಂದ್ರು. ಮುಂದ ನನ್ನ ಕಾರ್ ಬಿಡಂಗಿಲ್ಲ, ಚೈನ್ ಇಲ್ಲ. ಅದಕ್ಕ ಇಲ್ಲೇ ನಿಂತೆ."

"ಯಾವಾಗ ಬಂದದ್ದು?"

"ನಿನ್ನೆ."

"ನಿನ್ನೆಯಾ? ನಾನು ನಿನ್ನೆ ಹೊರಡ್ಲಿಲ್ಲ ಅಂತ ಇನೇಜ್ ಹೇಳ್ಲಿಲ್ವಾ?"

"ಇಲ್ಲಿ ಫೋನ್ ಎಲ್ಲೈತ್ರಿ? ಆದ್ರ ಗೊತ್ತಿತ್ತು. ನಿನ್ನಿ ಮ್ಯಾಲೆ ನೋಡಿದೆ, ಬೆಟ್ಟನ ಇರಲಿಲ್ಲ. ಅಂಥಾ ಹಿಮಕ್ಕ ಲವಿಟಾ ಗಾಡಿ ತಗಿಯಾಕಿ ಅಲ್ಲ ಅಂದ್ಕೊಂಡೆ. ಕಾರಿನ್ಯಾಗ ಮಲ್ಕೊಂಡೆ."

ಅವಳಿಗೆ ಅಳು ಬಂತು, ನಗುವೂ ಬಂತು. ಇಷ್ಟು ದಿನ ತಾನು ಹುಡುಕಿದ್ದು ಇದನ್ನೇ. ಅವಳು ಓಡಿಸಬಲ್ಲಳು ಎಂದು ನಂಬುವವರು ಸಿಗಬಹುದು. ಓಡಿಸಬಾರದ ದಿನ ಅವಳು ಓಡಿಸುವುದಿಲ್ಲ ಎಂದೂ ನಂಬುವವನು?

"ನಾನು ಯಾಕೆ ಅಂತ ಕೇಳಿದೆ, ಜೀವನ್. ಕೇಳಬಾರದಿತ್ತು. ಎಲ್ಲರೆದುರು ನಿಮ್ಮನ್ನು..."

"ನನಗೂ ಸಿಟ್ಟು ಬಂದಿತ್ತು ಬಿಡ್ರಿ. ಸುಳ್ಳ ಯಾಕ ಹೇಳ್ಲಿ. ಅವ್ವನ ಮುಂದ ಒಂದು ವಾರ ಬೈದೆ ನಿಮ್ಮನ್ನ."

"ಅಮ್ಮ ಎಂತ ಹೇಳಿದ್ರು?"

"'ಬೈಯಾಕಾದ್ರೂ ಬರೇ ಆಕ್ಯಾನ ಹೆಸರ ತಗೀತಿ' ಅಂದ್ಲು."

ಲವಿಟಾ ಜೇಬಿಗೆ ಕೈ ಹಾಕಿ ಕರ್ಚೀಫು ತೆಗೆದಳು. ಅವನದೇ. ಅದರೊಳಗಿಂದ ಕೀ ತೆಗೆದು, ತೆಂಗಿನ ಚಿಪ್ಪಿನ ಮೀನು ತೂಗುತ್ತಿದ್ದ ಹಾಗೆಯೇ, ಅವನ ಅಂಗೈ ಮೇಲಿಟ್ಟಳು.

"ಈಗ ಇಬ್ಬರೇ ಇದ್ದೇವೆ. ಸುತ್ತು ಸಣ್ಣದು. ಮುಂದೆ ದೂರ ಹೋಗ್ಲಿಕ್ಕುಂಟು. ಬೇಡ ಅಂದ್ರೆ ಹಿಡ್ಕೊಳ್ಳಿ. ಯಾಕೆ ಅಂತ ಕೇಳುವುದಿಲ್ಲ. ಈ ಸಲ ನಿಜವಾಗಿಯೂ ಕೇಳುವುದಿಲ್ಲ."

ಜೀವನ್ ಮುಷ್ಟಿ ಮುಚ್ಚಿದ. ಬಹಳ ಹೊತ್ತು ಮುಚ್ಚಿಯೇ ಇದ್ದ. ಮಳೆ ಅವನ ಟೊಪ್ಪಿಯಿಂದ ತೊಟ್ಟಿಕ್ಕುತ್ತಿತ್ತು.

"ದಾಟಿಸುವುದಿಲ್ವಾ?" ಎಂದಳು ಕೊನೆಗೆ, ಮೆತ್ತಗೆ.

"ದಾಟಿಸ್ತೀನಿ ತಡೀರಿ. ಕೀ ತಣ್ಣಗಾಗೈತಿ. ಬೆಚ್ಚಗ ಮಾಡಿ ಕೊಡ್ತೀನಿ."

ಅವನು ಅದನ್ನು ಎರಡೂ ಅಂಗೈಗಳ ನಡುವೆ ಇಟ್ಟು ಊದಿದ. ಆಮೇಲೆ ಅವಳ ಕೈ ಹಿಡಿದು, ಬೆರಳು ಒಂದೊಂದನ್ನೇ ಬಿಡಿಸಿ, ಬೆಚ್ಚಗಿನ ಕೀಯನ್ನು ಒಳಗಿಟ್ಟು ಮುಚ್ಚಿದ. ಕೈ ಮಾತ್ರ ಬಿಡಲಿಲ್ಲ.

"ಜೀವನ್, ಒಂದು ಮೊದಲೇ ಹೇಳ್ತೇನೆ. ನಾನು ಈ ಗಾಡಿ ಮಾರುವವಳಲ್ಲ."

"ಮಾರಿದ್ರ," ಎಂದ ಅವನು, "ನಾ ಎಲ್ಲಿ ಕೂಡ್ಲಿ?"